ಕೊಡದ ಪದ

ರಕ್ತದೊತ್ತಡ ಕುಸಿಯುವುದಕ್ಕೆ ಇಪ್ಪತ್ತು ನಿಮಿಷ ಮೊದಲು ಮನುಷ್ಯನ ಮಾತು ಕುಸಿಯುತ್ತದೆ ಎಂದು ಯಾರೋ ಕಂಡುಹಿಡಿದರು. ಡಯಾಲಿಸಿಸ್ ಹಾಸಿಗೆಯ ಮೇಲೆ ನಾಲ್ಕು ಗಂಟೆ ಮಲಗಿದವನ ಮೈಯಿಂದ ಯಂತ್ರ ನೀರು ಹಿಂಡುತ್ತಿರುತ್ತದಲ್ಲ, ಆಗ ತೋಳಿಗೆ ಕಟ್ಟಿದ ಬಿ.ಪಿ. ಪಟ್ಟಿಗೆ ಗೊತ್ತಾಗುವ ಮೊದಲೇ ಅವನ ಬಾಯಿಗೆ ಗೊತ್ತಾಗಿರುತ್ತದೆ. ಪಕ್ಕದವನ ಕಡೆ ತಿರುಗಿ ಏನೋ ಅನ್ನುತ್ತಾನೆ. ಪಕ್ಕದವನು ಹೂಂ ಅನ್ನುತ್ತಾನೆ. ಇಪ್ಪತ್ತು ನಿಮಿಷ ಕಳೆದು ಗಂಟೆ ಬಡಿದುಕೊಂಡಾಗ ನರ್ಸು ಓಡಿಬರುತ್ತಾಳೆ.

ಆ 'ಏನೋ ಅನ್ನುವುದನ್ನು' ಕೇಳಿಸಿಕೊಳ್ಳಲಿಕ್ಕೆ ಆಲಿಕೆ ಬಂತು. ಹಾಸಿಗೆಯ ತಲೆದೆಸೆಯ ಗೋಡೆಗೆ ಸೋಪಿನ ಡಬ್ಬಿಯಷ್ಟು ಒಂದು ಬಿಳಿ ಪೆಟ್ಟಿಗೆ, ಬೆರಳಿಗೆ ಒಂದು ಕ್ಲಿಪ್ಪು. ಮಾತು ಕೇಳಿ, ನಾಡಿ ನೋಡಿ, ಎರಡನ್ನೂ ತಾಳೆ ಹಾಕಿ, ಅಪಾಯ ಅನ್ನಿಸಿದರೆ ಆಲಿಕೆಯೇ ಯಂತ್ರದ ವೇಗ ಇಳಿಸುತ್ತಿತ್ತು. ಮೊದಲ ವರ್ಷವೇ ರಾಜ್ಯದಲ್ಲಿ ಬಹಳ ಜನ ಉಳಿದರು. ಅದರಲ್ಲಿ ಎರಡು ಮಾತಿಲ್ಲ.

ತೊಂದರೆ ಬಂದದ್ದು ಬೇರೆ ಕಡೆಯಿಂದ. ಆಲಿಕೆ ಕಲಿತಿದ್ದದ್ದು ಪುಸ್ತಕದ ಕನ್ನಡ, ಟಿ.ವಿ. ಕನ್ನಡ. 'ನನ್ನ ರಕ್ತದೊತ್ತಡ ಕಡಿಮೆಯಾಗುತ್ತಿದೆ' ಎಂದು ಯಾವ ರೋಗಿಯೂ ಹೇಳುವುದಿಲ್ಲ. ಎಂಟು ಜನ ಒಂದೇ ಕೋಣೆಯಲ್ಲಿ ವಾರಕ್ಕೆ ಮೂರು ದಿನದಂತೆ ವರ್ಷಗಟ್ಟಲೆ ಮಲಗಿದರೆ ಅವರ ನಡುವೆ ಅವರದೇ ಮಾತು ಬೆಳೆಯುತ್ತದೆ. ಒಂದು ಊರಿನವರು ಅದಕ್ಕೆ 'ಲಿಫ್ಟ್ ಇಳೀತಿದೆ' ಅಂದರು. ನಲವತ್ತು ಮೈಲಿ ಆಚೆಯವರು 'ದೀಪ ಸಣ್ಣಗಾಯ್ತು' ಅಂದರು. ಇನ್ನೊಂದು ಕಡೆ 'ಅತ್ತೆ ಕರೀತಿದಾಳೆ' ಅಂದರು. ಆಲಿಕೆ ಇದನ್ನೆಲ್ಲ ಲಿಫ್ಟು, ದೀಪ, ಅತ್ತೆ ಅಂತಲೇ ಕೇಳಿಸಿಕೊಂಡು ಸುಮ್ಮನಿತ್ತು. ಹೀಗಾಗಿ ಪ್ರತಿ ಘಟಕಕ್ಕೂ ಹೋಗಿ, ಕೂತು, ಅಲ್ಲಿನ ಮಾತುಗಳ ಪಟ್ಟಿ ಮಾಡಿಕೊಂಡು ಬರುವವರು ಬೇಕಾದರು. ಕಾಗದದಲ್ಲಿ ಅವರ ಹೆಸರು ಪದ ಸಹಾಯಕಿ.

ಸರ್ವಮಂಗಳ ಜಿಲ್ಲಾ ಆಲಿಕೆ ಕೇಂದ್ರದಲ್ಲಿ ಪದ ಸಹಾಯಕಿಯಾಗಿ ಸೇರಿ ಮೂರು ವರ್ಷವಾಗಿತ್ತು. ಆ ಕೆಲಸದಲ್ಲಿ ಅವಳಿಗೆ ಹಿಡಿಸಿದ್ದು ಒಂದೇ: ಕೂತು ಮಾಡುವ ಕೆಲಸ. ಬೆಳಗ್ಗೆ ಐದಕ್ಕೆ ಎದ್ದು, ಪೊಟ್ಯಾಸಿಯಂ ಇಳಿಯಲೆಂದು ತರಕಾರಿಯನ್ನು ಎರಡು ಸಲ ನೆನೆಸಿ ನೀರು ಚೆಲ್ಲಿ, ಉಪ್ಪಿಲ್ಲದ್ದೊಂದು ಉಪ್ಪಿರುವುದೊಂದು ಎರಡು ಸಾರು ಕುದಿಸಿ, ಮಗಳನ್ನು ಸ್ಕೂಲಿಗೆ ಕಳಿಸಿ, ಮಂಗಳವಾರ ಗುರುವಾರ ಶನಿವಾರ ಗಂಡನನ್ನು ಆಸ್ಪತ್ರೆಗೆ ಬಿಟ್ಟು ಕೇಂದ್ರಕ್ಕೆ ಬಂದು ಕುರ್ಚಿಯಲ್ಲಿ ಕೂತರೆ ಸಾಕು, ಯಾರ ಮಾತನ್ನು ಬೇಕಾದರೂ ಕೇಳುತ್ತೇನೆ ಅನ್ನಿಸುತ್ತಿತ್ತು.

ಗಂಡ ತಿಪ್ಪೇಸ್ವಾಮಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರಾಗಿದ್ದವನು. ಎರಡು ಮೂತ್ರಪಿಂಡಗಳೂ ಕೈಕೊಟ್ಟು ಎಂಟು ವರ್ಷ. ಅಣ್ಣ ಕೊಟ್ಟ ಒಂದು ಮೂತ್ರಪಿಂಡವನ್ನು ಮೈ ಒಪ್ಪದೆ ಹೊರಗೆ ಹಾಕಿತು. ಎರಡನೆಯದಕ್ಕೆ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ಹೋದ ವರ್ಷವೇ ಹೇಳಿಬಿಟ್ಟಿದ್ದರು. ಉಳಿದದ್ದು ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ.

ಸ್ವಂತದವರು ಮಲಗುವ ಘಟಕದ ಪಟ್ಟಿಯನ್ನು ಸಹಾಯಕಿ ಮಾಡಬಾರದು ಎಂಬ ನಿಯಮವಿತ್ತು. ಆದರೆ ಆ ಘಟಕದ ಪಾಲಿಗೆ ಬಂದಿದ್ದ ಹುಡುಗಿ ಹೆರಿಗೆ ರಜೆಗೆ ಹೋದಳು. ಕೇಂದ್ರದ ಮುಖ್ಯಸ್ಥ ಸುಮತೀಂದ್ರ ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಾ, "ನಿಮ್ಮ ಯಜಮಾನ್ರು ಅಲ್ಲೇ ಇದಾರಲ್ಲ ಮೇಡಂ, ಹೆಂಗೂ ನೀವು ಬಿಡೋಕೆ ಹೋಗ್ತೀರಿ. ಒಂದು ಅರ್ಧ ಗಂಟೆ ಒಳಗೆ ಕೂತು ಬನ್ನಿ. ಯಾರಿಗೆ ಗೊತ್ತಾಗುತ್ತೆ?" ಎಂದ. ಬಿಸ್ಕತ್ತು ಮುರಿದು ಟೀಯಲ್ಲಿ ಬಿತ್ತು. ಅವನು ಚಮಚ ಹುಡುಕತೊಡಗಿದ. ಅವಳು ಆಯಿತು ಅಂದಳು. ಬೇಡ ಅನ್ನಲಿಕ್ಕೂ ಒಂದಿಷ್ಟು ಶಕ್ತಿ ಬೇಕಾಗುತ್ತದೆ.

ಎಂಟು ವರ್ಷದಲ್ಲಿ ಅವಳು ಆ ಕೋಣೆಯ ಒಳಗೆ ಕೂತಿರಲಿಲ್ಲ. ಮನೆಯವರಿಗೆ ಗಾಜಿನ ಬಾಗಿಲಿನ ಆಚೆ ಬೆಂಚು. ಒಳಗೆ ಎಂಟು ಹಾಸಿಗೆ, ಎಂಟು ಯಂತ್ರ, ಸದಾ ತಣ್ಣಗಿನ ಗಾಳಿ. ಅವಳು ಪ್ಲಾಸ್ಟಿಕ್ ಕುರ್ಚಿ ಎಳೆದು ಕೂತು, ಬಂದ ಕೆಲಸ ಹೇಳಿದಾಗ ಎಲ್ಲರಿಗಿಂತ ಮೊದಲು ಬಾಯಿ ತೆರೆದದ್ದು ರಿಟೈರ್ಡ್ ಬಸ್ ಕಂಡಕ್ಟರ್ ಬೋರಯ್ಯ.

"ಬರ್ಕೊಳಿ ಅಕ್ಕಾವ್ರೆ. ಮೊದಲ್ನೇದು, ನೆಂಟ್ರು."

"ನೆಂಟರು ಅಂದ್ರೆ?"

"ಎರಡು ದಿನದಲ್ಲಿ ಮೈಯಾಗೆ ತುಂಬ್ಕೊಳ್ಳೋ ನೀರು. ಕರೀದಿದ್ರೂ ಬರ್ತಾರೆ, ಬಂದೋರು ಹೋಗಲ್ಲ. ಇವತ್ತು ನಂಗೆ ಮೂರು ಕೆ.ಜಿ. ನೆಂಟ್ರು. ನಿಮ್ಮ ಮೇಷ್ಟ್ರಿಗೆ ನೋಡಿ, ಬರೀ ಒಂದೂವರೆ. ಶಿಸ್ತು!"

"ಅವರ ಮನೇಲಿ ಲೋಟ ಅಳೆದು ನೀರು ಕೊಡೋರು ಇದಾರೆ," ಎಂದಳು ಮುನ್ನೀಸಾಬಿ. ಅರವತ್ತು ದಾಟಿದ ಹೆಂಗಸು, ಆ ಕೋಣೆಗೆ ಎಲ್ಲರಿಗಿಂತ ಹಳಬಳು, ಹನ್ನೊಂದು ವರ್ಷ. "ನಿನ್ನ ಮನೇಲಿ ನಿನ್ನ ಹೆಂಡ್ತಿ ಕೊಡ ಎತ್ತಿ ಸುರೀತಾಳೇನೋ."

"ಅವಳಲ್ಲ ಬೂಬಮ್ಮ, ನಾನೇ ಕದ್ದು ಕುಡೀತೀನಿ."

ಎಲ್ಲರೂ ನಕ್ಕರು. ತಿಪ್ಪೇಸ್ವಾಮಿಯೂ ನಕ್ಕ. ಅವನು ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ಅವಳು ಯಾವಾಗ ನೋಡಿದ್ದೆ ಎಂದು ನೆನಪಿಸಿಕೊಳ್ಳಲು ಹೋಗಿ, ಬಿಟ್ಟಳು.

ಅವತ್ತೇ ಹನ್ನೆರಡು ಪದ ಸಿಕ್ಕವು. ಡಯಾಲಿಸಿಸ್ ದಿನಕ್ಕೆ ಸಂತೆ. ರಕ್ತನಾಳ ಸೇರಿಸಿ ಹೊಲಿದ ಕಡೆ ತೋಳಿನಲ್ಲಿ ಸದಾ ಗುಂಯ್‌ಗುಡುವ ಜಾಗಕ್ಕೆ ಜೀರುಂಡೆ. ಅದು ಸುಮ್ಮನಾದರೆ ನಾಳ ಕಟ್ಟಿಕೊಂಡಿದೆ ಎಂದರ್ಥ, ಹಾಗಾಗಿ ಬೆಳಗ್ಗೆ ಎದ್ದ ಕೂಡಲೇ ಎಲ್ಲರೂ ತೋಳನ್ನು ಕಿವಿಗೆ ಹಿಡಿದು ಕೇಳುತ್ತಾರಂತೆ. ಸೆಳೆತ ಬಂದರೆ ಗರಗಸ. ಬೇರೆಯವರ ಮೂತ್ರಪಿಂಡ ಸಿಕ್ಕಿ ಹೊರಟುಹೋದವರು ಪಾಸಾದವರು. ಅವಳು ಒಂದೊಂದನ್ನೂ ಬರೆದು, ಅರ್ಥ ತುಂಬಿ, ವರ್ಗ ಆರಿಸಿದಳು. ವರ್ಗ ಮೂರು: ಸಾಮಾನ್ಯ, ಗಮನ, ಅಪಾಯ. ಅಪಾಯ ಎಂದು ಬರೆದ ಪದ ಯಾರ ಬಾಯಿಂದ ಬಂದರೂ ಆಲಿಕೆ ಅದೇ ಕ್ಷಣ ಡಾಕ್ಟರಿಗೂ ಆ ರೋಗಿಯ ಮನೆಯವರ ಫೋನಿಗೂ ಸಂದೇಶ ಕಳಿಸುತ್ತಿತ್ತು.

"ಮನೇಲಿ ಯಾಕೆ ಹೇಳಿಲ್ಲ ಈ ಮಾತುಗಳನ್ನೆಲ್ಲ?" ಎಂದು ಹಿಂದಿರುಗುವಾಗ ಆಟೋದಲ್ಲಿ ಕೇಳಿದಳು.

"ಮನೇಲಿ ಹೇಳೋಂಥವಲ್ಲ ಅವು," ಎಂದ ತಿಪ್ಪೇಸ್ವಾಮಿ. ಡಯಾಲಿಸಿಸ್ ಮುಗಿದ ಮೇಲೆ ಅವನಿಗೆ ಹೆಚ್ಚು ಮಾತು ಬರುತ್ತಿರಲಿಲ್ಲ.

ಕೇಂದ್ರದ ದೊಡ್ಡ ಪರದೆಯ ಮೇಲೆ ಇಪ್ಪತ್ತೆರಡು ಘಟಕಗಳ ಗೆರೆಗಳು ಓಡುತ್ತಿರುತ್ತಿದ್ದವು. ಪಟ್ಟಿ ಕೊಟ್ಟ ಮೇಲೆ ಆಲಿಕೆ ಅದನ್ನು ಹಳೆಯ ಧ್ವನಿಮುದ್ರಣಗಳ ಜೊತೆ ತಾಳೆ ನೋಡಿ, ಬಿಟ್ಟುಹೋದದ್ದು ಇದ್ದರೆ ಕೇಳುತ್ತದೆ. ಸೋಮವಾರ ಅವಳು ಬಂದು ಕೂತಾಗ ಪರದೆಯ ಮೇಲೆ ಒಂದೇ ಒಂದು ಪದ ಉಳಿದಿತ್ತು.

ಕಿಟಕಿ. ಏಳು ವಾರದಲ್ಲಿ ನಲವತ್ತೊಂದು ಸಲ. ಅರ್ಥ ಹೊಂದುತ್ತಿಲ್ಲ. ಕಾರಣ: ಈ ಪದ ಬಂದಾಗ ಹೇಳಿದವರ ನಾಡಿ ಬದಲಾಗುವುದಿಲ್ಲ, ಕೇಳಿದವರೆಲ್ಲರ ನಾಡಿ ಒಟ್ಟಿಗೆ ಏರುತ್ತದೆ.

ಸರ್ವಮಂಗಳ ಅದನ್ನು ಎರಡು ಸಲ ಓದಿದಳು. ಯಾವ ಹಾಸಿಗೆಯವರು ಹೇಳಿದ್ದು ಎಂದು ತೆರೆದು ನೋಡುವ ಗುಂಡಿ ಪಕ್ಕದಲ್ಲೇ ಇತ್ತು. ಅವಳು ಅದನ್ನು ಒತ್ತಲಿಲ್ಲ. ಇದರಲ್ಲಿ ಹುಡುಕುವಂಥದ್ದೇನೂ ಅವಳಿಗೆ ಕಾಣಲಿಲ್ಲ. ಆ ಕೋಣೆಗೆ ಇರುವುದು ಒಂದೇ ಕಿಟಕಿ. ಅದರ ಪಕ್ಕ ಒಂದೇ ಹಾಸಿಗೆ, ಎಂಟನೆಯದು. ಅಲ್ಲಿ ಮಲಗಿದರೆ ಆಸ್ಪತ್ರೆಯ ಹಿಂದಿನ ಬೇವಿನ ಮರ, ಅದರ ಕೆಳಗೆ ನಿಲ್ಲುವ ಟೀ ಗಾಡಿ, ರಸ್ತೆ ಎಲ್ಲ ಕಾಣುತ್ತದೆ. ಉಳಿದ ಏಳು ಜನಕ್ಕೆ ನಾಲ್ಕು ಗಂಟೆ ಹೊತ್ತು ಗೋಡೆ. ಜಗಳ ಆಗದೆ ಇರುತ್ತದೆಯೇ? ಬಸ್ಸಿನಲ್ಲೇ ಕಿಟಕಿ ಸೀಟಿಗೆ ಜನ ಹೊಡೆದಾಡುತ್ತಾರೆ. ಒಬ್ಬರು ಕೇಳುತ್ತಾರೆ, ಉಳಿದವರ ರಕ್ತ ಕುದಿಯುತ್ತದೆ, ಅಷ್ಟೆ.

ಹೀಗೆ ಅಂದುಕೊಂಡು ಅವಳೊಂದು ಒಳ್ಳೆಯ ಕೆಲಸ ಮಾಡಿದಳು. ಘಟಕದ ಸಿಸ್ಟರ್ ಗ್ರೇಸಿಗೆ ಫೋನ್ ಮಾಡಿ, ಎಂಟನೇ ಹಾಸಿಗೆಗೆ ಪಾಳಿ ಪಟ್ಟಿ ಹಾಕಿಸಿದಳು. ವಯಸ್ಸಿನಲ್ಲಿ ಚಿಕ್ಕವರಿಂದ ಶುರು, ದಿನಕ್ಕೊಬ್ಬರು, ಎಲ್ಲರಿಗೂ ಸಮ. ಗ್ರೇಸಿ ಆ ಘಟಕಕ್ಕೆ ಬಂದು ತಿಂಗಳಾಗಿತ್ತಷ್ಟೆ. "ಒಳ್ಳೇದಾಯ್ತು ಮೇಡಂ," ಎಂದಳು. "ಆ ಬೆಡ್ಡು ಯಾವಾಗಲೂ ಖಾಲಿ ಬಿಡ್ತಾರೆ, ಯಾವ ಪೇಷೆಂಟನ್ನ ಕೇಳಿದ್ರೂ ಅಲ್ಲಿ ಮಲಗಲ್ಲ ಅಂತಾರೆ. ಇನ್ನೊಬ್ಬರನ್ನ ಸೇರಿಸ್ಕೊಳ್ಳೋಕೆ ಆಗ್ತಿಲ್ಲ."

ಖಾಲಿ ಬಿಡುತ್ತಾರೆ ಎಂದದ್ದನ್ನು ಅವಳು ಕೇಳಿಸಿಕೊಂಡಳು. ಆದರೆ ಆ ಹೊತ್ತಿಗೆ ಇನ್ನೊಂದು ಫೋನು ಬಂತು, ಮಗಳ ಸ್ಕೂಲಿನಿಂದ.

ಮಂಗಳವಾರ ಬೆಳಗ್ಗೆ ಪಾಳಿ ಪಟ್ಟಿಯ ಮೊದಲ ಹೆಸರು ಹರಿಣಿ. ಇಪ್ಪತ್ಮೂರು ವರ್ಷ, ಮದುವೆಯಾಗಿ ಒಂದು ವರ್ಷ, ಡಯಾಲಿಸಿಸ್ ಶುರುವಾಗಿ ನಾಲ್ಕು ತಿಂಗಳು. ಸರ್ವಮಂಗಳ ಒಳಗೆ ಬಂದಾಗ ಆ ಹುಡುಗಿ ದಿಂಬನ್ನು ಎದೆಗವಚಿಕೊಂಡು ಎಂಟನೇ ಹಾಸಿಗೆಯ ಮುಂದೆ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಮಲ್ಕೊಳಮ್ಮ, ಲೇಟಾಗ್ತಿದೆ," ಎನ್ನುತ್ತಿದ್ದಳು ಗ್ರೇಸಿ.

"ನಾನು ಕೇಳಿಲ್ಲ ಅಕ್ಕ," ಎಂದಳು ಹರಿಣಿ. "ಯಾರು ಹೇಳಿದ್ದು ನಿಮಗೆ? ನಾನು ಕೇಳೇ ಇಲ್ಲ."

ಬೋರಯ್ಯ ಗೋಡೆಯ ಕಡೆ ತಿರುಗಿಕೊಂಡ. ತಿಪ್ಪೇಸ್ವಾಮಿ ಆರನೇ ಹಾಸಿಗೆಯಲ್ಲಿ ಕಣ್ಣು ಮುಚ್ಚಿದ್ದ. ಮುನ್ನೀಸಾಬಿಗೆ ಇನ್ನೂ ಸೂಜಿ ಚುಚ್ಚಿರಲಿಲ್ಲ. ಅವಳು ಮೆಲ್ಲಗೆ ಎದ್ದು ಬಂದು, ಹರಿಣಿಯ ಭುಜ ಹಿಡಿದು ತನ್ನ ಹಾಸಿಗೆಯ ಮೇಲೆ ಕೂರಿಸಿ, ಗೋಡೆಗೆ ಅಂಟಿಸಿದ್ದ ಪಾಳಿ ಪಟ್ಟಿಯನ್ನು ಕಿತ್ತಳು. ಆಮೇಲೆ ಸರ್ವಮಂಗಳಳ ಕೈ ಹಿಡಿದು ಗಾಜಿನ ಬಾಗಿಲಿನ ಆಚೆಗೆ ಕರೆತಂದು ಬೆಂಚಿನ ಮೇಲೆ ಕೂತಳು.

"ನಿಂದು ತಪ್ಪಿಲ್ಲ ಬೇಟಿ. ನಿನಗೆ ಗೊತ್ತಿಲ್ಲ."

"ಏನು ಬೂಬಮ್ಮ?"

"ಆ ಹಾಸಿಗೆ ಸಾಕು ಅಂದೋರದು."

ಮುನ್ನೀಸಾಬಿ ಹೇಳಿದ್ದು ಇಷ್ಟು. ಈ ಯಂತ್ರ ಯಾರನ್ನೂ ವಾಸಿ ಮಾಡುವುದಿಲ್ಲ, ಇನ್ನೆರಡು ದಿನಕ್ಕೆ ತಳ್ಳುತ್ತದೆ. ಕೆಲವರಿಗೆ ಒಂದು ದಿನ ಬರುತ್ತದೆ, ಇನ್ನು ತಳ್ಳುವುದು ಬೇಡ ಎನ್ನಿಸುವ ದಿನ. ಅದನ್ನು ಮನೆಯಲ್ಲಿ ಹೇಳಲಿಕ್ಕಾಗುವುದಿಲ್ಲ. ಇಲ್ಲಿ ಹೇಳುತ್ತಾರೆ. 'ನನಗೆ ಕಿಟಕಿ ಬೇಕು' ಅನ್ನುತ್ತಾರೆ. ಹಾಗೆಂದವರನ್ನು ಯಾಕೆ ಎಂದು ಯಾರೂ ಕೇಳಕೂಡದು. ಎಂಟನೇ ಹಾಸಿಗೆ ಅವರಿಗೆ. ಎಷ್ಟು ದಿನ ಬರುತ್ತೇನೆ ಎಂದು ಅವರೇ ಹೇಳುತ್ತಾರೆ, ಅಷ್ಟು ದಿನ ಅಲ್ಲಿ ಮಲಗಿ ಆಚೆ ನೋಡುತ್ತಾರೆ. ನಡುವೆ ಮನಸ್ಸು ಬದಲಾದರೆ ಎದ್ದು ಹಳೇ ಹಾಸಿಗೆಗೆ ಬರಬಹುದು, ಆಗಲೂ ಯಾರೂ ಕೇಳುವುದಿಲ್ಲ. ಬದಲಾಗದಿದ್ದರೆ ಡಾಕ್ಟರಿಗೆ ತಾವೇ ಹೇಳಿ, ಮನೆಯವರಿಗೆ ತಾವೇ ಹೇಳಿ, ನಿಲ್ಲಿಸುತ್ತಾರೆ. ಹನ್ನೊಂದು ವರ್ಷದಲ್ಲಿ ಏಳು ಜನ ಕೇಳಿದ್ದಾರೆ. ಇಬ್ಬರು ಎದ್ದು ಬಂದರು.

"ಒಬ್ಬಳು ನಾನು," ಎಂದಳು ಮುನ್ನೀಸಾಬಿ. "ಮೂರು ಸಂತೆ ಮಲಗಿದ್ದೆ ಅಲ್ಲಿ. ಯಾಕೆ ವಾಪಸ್ ಬಂದೆ ಅಂತ ಇವತ್ತಿಗೂ ಈ ಬೋರ ಕೇಳಿಲ್ಲ. ಅವನ ಬಾಯಿ ಎಂಥದು, ನಿನಗೇ ಗೊತ್ತಲ್ಲ."

ಸರ್ವಮಂಗಳ ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ಹಾಕಿದಳು, ತೆಗೆದಳು, ಹಾಕಿದಳು.

"ಈಗ ಯಾರು ಕೇಳಿದಾರೆ ಬೂಬಮ್ಮ?"

ಮುನ್ನೀಸಾಬಿ "ನನ್ನ ಮಿಷಿನ್ನು ಕಾಯ್ತಿದೆ," ಎಂದು ಎದ್ದು ಒಳಗೆ ಹೋದಳು.

ಕೇಂದ್ರಕ್ಕೆ ಬಂದು ಅವಳು ಆ ಗುಂಡಿ ಒತ್ತಿದಳು. ನಲವತ್ತೊಂದರಲ್ಲಿ ಹಳೆಯವು ಯಾರ್‍ಯಾರದೋ, ಹೋದವರ ಸುದ್ದಿ. ಕೊನೆಯ ಎರಡು ವಾರದ ಒಂಬತ್ತೂ ಆರನೇ ಹಾಸಿಗೆಯಿಂದ ಬಂದಿದ್ದವು. ಅವಳು ಹೆಡ್‌ಫೋನ್ ಹಾಕಿಕೊಂಡಳು. ಹಿಂದೆ ಯಂತ್ರಗಳ ಸದ್ದು. ಮುಂದೆ ಗಂಡನ ಸ್ವರ, ಆಟದ ಬಯಲಿನಲ್ಲಿ ಮಕ್ಕಳಿಗೆ ಕೇಳುವಂತೆ ಕೂಗಿ ಕೂಗಿ ಒರಟಾದ ಸ್ವರ, ಆದರೆ ಮೆಲ್ಲಗೆ.

"ಕಿಟಕಿ ಕೇಳ್ಬೇಕು ಅಂತ ಬಂದಿದ್ದೆ ಕಣಯ್ಯ ಬೋರಯ್ಯ ಇವತ್ತು."

"ಹೂಂ."

"ಮಂಗಳಂಗೆ ಹೆಂಗೆ ಹೇಳೋದು ಗೊತ್ತಾಗ್ತಿಲ್ಲ. ಮನೇಲಿ ಅವಳ ಮುಖ ನೋಡಿದ್ರೆ ಬಾಯಿ ಬರಲ್ಲ. ಅವಳು ತರಕಾರಿ ನೆನೆಸಿ ಇಟ್ಟಿರ್ತಾಳೆ. ಅದಕ್ಕೇ ಕೇಳಿಲ್ಲ. ಇಲ್ದಿದ್ರೆ ಯುಗಾದಿ ಹೊತ್ತಿಗೇ ಕೇಳ್ತಿದ್ದೆ."

"ಹೂಂ," ಎಂದಿದ್ದ ಬೋರಯ್ಯ. ಬರೀ ಹೂಂ.

ಯುಗಾದಿ ಕಳೆದು ಮೂರು ತಿಂಗಳಾಗಿತ್ತು. ಅವಳು ಹೆಡ್‌ಫೋನ್ ತೆಗೆದು, ಅದರ ತಂತಿಯನ್ನು ನೀಟಾಗಿ ಸುತ್ತಿ ಇಟ್ಟಳು. ಅಳು ಬರಬಹುದು ಎಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಮೈಯೊಳಗೆ ಯಾರೋ ಅರಿವಳಿಕೆ ಚುಚ್ಚಿ ಬಹಳ ದಿನವಾಗಿ, ಅದು ಇಳಿಯುವುದನ್ನೇ ಮರೆತ ಹಾಗಿತ್ತು. ಊಟದ ಡಬ್ಬಿ ತೆಗೆದು ಚಿತ್ರಾನ್ನ ತಿಂದಳು. ಉಪ್ಪಿತ್ತೋ ಇಲ್ಲವೋ ತಿಳಿಯಲಿಲ್ಲ.

ಸುಮತೀಂದ್ರ ಪಕ್ಕದಲ್ಲಿ ಬಂದು ನಿಂತ. "ಒಂದು ಪದ ಪೆಂಡಿಂಗ್ ತೋರಿಸ್ತಿದೆಯಲ್ಲ ಮೇಡಂ?"

ಅವಳು ಹೇಳಿದಳು. ಯಾರ ಬಾಯಿಂದ ಎಂಬುದೊಂದನ್ನು ಬಿಟ್ಟು ಎಲ್ಲ ಹೇಳಿದಳು. ಅವನು ಕೆಟ್ಟವನಲ್ಲ. ಅವನ ಮುಖ ಗಂಭೀರವಾಯಿತು.

"ಅಪಾಯ ಅಂತ ಹಾಕಿ. ತಕ್ಷಣ ಹಾಕಿ. ಮೇಡಂ, ಯೋಚನೆ ಮಾಡಿ, ಒಬ್ಬ ಮನುಷ್ಯ ಸಾಕು ಅಂತಿದಾನೆ, ಅವನ ಹೆಂಡ್ತಿಗೆ ಗೊತ್ತಿಲ್ಲ. ಗೊತ್ತಾದ್ರೆ ತಡೀತಾಳೋ ಇಲ್ವೋ?"

"ತಡೀತಾಳೆ."

"ಮತ್ತೆ? ಕೌನ್ಸೆಲಿಂಗ್ ಮಾಡ್ತಾರೆ, ಮಕ್ಕಳನ್ನ ಕರ್ಕೊಂಡು ಬಂದು ಕೂರಿಸ್ತಾರೆ. ಇನ್ನೊಂದು ವರ್ಷ, ಎರಡು ವರ್ಷ ಎಳೀತಾರೆ. ಶುಕ್ರವಾರ ಸಂಜೆ ಪಟ್ಟಿ ಲಾಕ್ ಆಗುತ್ತೆ."

ಅವನು ಹೋದ ಮೇಲೆ ಅವಳು ಅರ್ಥದ ಜಾಗದಲ್ಲಿ ಬರೆದಳು: ಚಿಕಿತ್ಸೆ ನಿಲ್ಲಿಸುವ ಇಚ್ಛೆ. ವರ್ಗ: ಅಪಾಯ. ಉಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಿದರೆ ಮುಂದಿನ ಸಲ ತಿಪ್ಪೇಸ್ವಾಮಿ ಆ ಮಾತು ಆಡಿದ ಕೂಡಲೇ ಸಂದೇಶ ಬರುವುದು ಅವಳ ಫೋನಿಗೇ. ಅವಳು ಓಡಬೇಕು. ಮಗಳು ಇಂಪನಾಳನ್ನು ಕರೆದುಕೊಂಡು ಹೋಗಿ ಅಪ್ಪನ ಮುಂದೆ ನಿಲ್ಲಿಸಬೇಕು. ಅವನು ತಲೆ ತಗ್ಗಿಸಿ, ಇಲ್ಲ ಇಲ್ಲ, ಸುಮ್ನೆ ಏನೋ ಅಂದೆ ಅನ್ನುತ್ತಾನೆ. ಅವಳಿಗೆ ಅವನ ಗುಣ ಗೊತ್ತು. ಒಪ್ಪಿಬಿಡುತ್ತಾನೆ. ಆಮೇಲೆ ಬೋರಯ್ಯನ ಹತ್ತಿರವೂ ಮಾತಾಡುವುದನ್ನು ಬಿಡುತ್ತಾನೆ. ಬಂದು, ಮಲಗಿ, ಎದ್ದು, ಹೋಗುತ್ತಾನೆ, ಹೃದಯ ತಾನಾಗಿ ನಿಲ್ಲುವ ತನಕ. ಅವನು ಉಳಿಯುತ್ತಾನೆ. ಹೌದು, ಇನ್ನಷ್ಟು ದಿನ ಅವನು ಮನೆಯಲ್ಲಿರುತ್ತಾನೆ. ಆ 'ಇನ್ನಷ್ಟು ದಿನ' ಅವಳಿಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ ಬೆರಳು ಗುಂಡಿಯ ಮೇಲೆ ಬಿಸಿಯಾಯಿತು.

ಒತ್ತದೆ ಪರದೆ ಆರಿಸಿ ಮನೆಗೆ ಹೋದಳು.

ಸಂಜೆ ಮನೆಯಲ್ಲಿ ಎಂದಿನಂತೆ ಎಲ್ಲ ನಡೆಯಿತು. ಇಂಪನಾ ಒಂಬತ್ತನೇ ಕ್ಲಾಸು. ನೆಲದ ಮೇಲೆ ಹರಡಿಕೊಂಡು ವೃತ್ತಕ್ಕೆ ಸ್ಪರ್ಶಕ ಎಳೆಯುತ್ತಿದ್ದಳು. ತಿಪ್ಪೇಸ್ವಾಮಿ ಕುರ್ಚಿಯಲ್ಲಿ ಕೂತು ಒಂದು ಐಸ್ ತುಂಡನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ. ದಿನಕ್ಕೆ ಮುಕ್ಕಾಲು ಲೀಟರು ನೀರು. ಅದರಲ್ಲಿ ಸ್ವಲ್ಪವನ್ನು ಐಸ್ ಮಾಡಿಟ್ಟರೆ ಬಾಯಾರಿಕೆ ಹೆಚ್ಚು ಹೊತ್ತು ಅಡಗುತ್ತದೆ.

"ಅಪ್ಪ, ನಿನ್ನ ಹಳೇ ಸೀಟಿ ಎಲ್ಲಿ? ಸ್ಕೂಲಲ್ಲಿ ಥ್ರೋಬಾಲಿಗೆ ನನ್ನನ್ನೇ ರೆಫ್ರಿ ಮಾಡಿದಾರೆ."

"ನೀನು ರೆಫ್ರಿನಾ? ನಿಮ್ಮಮ್ಮನ್ನ ಮಾಡಬೇಕಿತ್ತು. ಒಂದು ಫೌಲೂ ಬಿಡಲ್ಲ."

ಸರ್ವಮಂಗಳ ಆಲೂಗಡ್ಡೆ ಹೆಚ್ಚಿ ನೀರಿಗೆ ಹಾಕುತ್ತಿದ್ದಳು. ಕೈ ನಿಂತಿತು. ಅವಳು ಗಂಡನ ಕಡೆ ನೋಡಿದಳು. ಅವನು ನೋಡುತ್ತಿದ್ದದ್ದು ಆ ನೀರಿನ ಪಾತ್ರೆಯನ್ನು.

"ರೀ," ಎಂದಳು.

"ಏನು?"

ಅವಳಿಗೂ ಬಾಯಿ ಬರಲಿಲ್ಲ. "ಗ್ಯಾಸ್ ಬುಕ್ ಮಾಡಿದ್ರಾ?"

"ಮಾಡ್ದೆ. ನಾಳೆ ಬರುತ್ತೆ."

"ಸರಿ," ಎಂದು ಪಾತ್ರೆಯ ನೀರು ಚೆಲ್ಲಿ ಹೊಸ ನೀರು ತುಂಬಿದಳು. ಹದಿನಾರು ವರ್ಷದ ಸಂಸಾರದಲ್ಲಿ ಗ್ಯಾಸು, ಫೀಸು, ಔಷಧಿ, ಆಟೋ ಎಲ್ಲದಕ್ಕೂ ಅವರ ಹತ್ತಿರ ಮಾತಿತ್ತು. ಇದಕ್ಕೆ ಮಾತ್ರ ಅವನು ಆರು ಜನ ಹೊರಗಿನವರ ಹತ್ತಿರ ಹೋಗಬೇಕಾಯಿತು. ಅವಳಿಗೆ ಆ ಆರು ಜನರ ಮೇಲೆ ಹೊಟ್ಟೆಕಿಚ್ಚಾಯಿತು. ಆ ದಿನ ಅವಳ ಅರಿವಿಗೆ ಸರಿಯಾಗಿ ಬಂದದ್ದು ಅದೊಂದೇ.

ಬುಧವಾರ ಕೇಂದ್ರದಲ್ಲಿ ಅವಳು ನಿಯಮದ ಪುಸ್ತಕ ತೆಗೆದಳು. ಯಾರೂ ಓದದ ಪುಸ್ತಕ. ಆಲಿಕೆ ಮೊದಲು ಬಂದಾಗ, ತಮ್ಮ ಮಾತನ್ನು ಗೋಡೆ ಕೇಳುವುದು ಬೇಡ ಎಂದು ರೋಗಿಗಳ ಸಂಘದವರು ಗಲಾಟೆ ಮಾಡಿದ್ದರು. ಅವರನ್ನು ಸಮಾಧಾನ ಮಾಡಲು ಒಂದು ಕಲಮು ಸೇರಿಸಿದ್ದರು: ಘಟಕದ ರೋಗಿಗಳೆಲ್ಲರೂ ಸಹಿ ಹಾಕಿದರೆ ಒಂದು ಪದವನ್ನು 'ಕೊಡದ ಪದ' ಎಂದು ದಾಖಲಿಸಬಹುದು. ಆಲಿಕೆ ಅದನ್ನು ಕೇಳಿಯೂ ಕೇಳದಂತೆ ಬಿಡತಕ್ಕದ್ದು. ಹಳೆಯ ಮುದ್ರಣಗಳನ್ನು ಅಳಿಸತಕ್ಕದ್ದು. ಕೊನೆಯಲ್ಲಿ ಪದ ಸಹಾಯಕಿಯ ಸಹಿ, ಅದರ ಮೇಲೆ ಎರಡು ಸಾಲು: 'ಈ ಪದದ ಅರ್ಥ ನನಗೆ ತಿಳಿದಿದೆ. ಇದನ್ನು ರೋಗಿಯ ಮನೆಯವರೂ ಸೇರಿದಂತೆ ಯಾರಿಗೂ ನಾನಾಗಿ ತಿಳಿಸುವುದಿಲ್ಲ.'

ರಾಜ್ಯದಲ್ಲಿ ಇದುವರೆಗೆ ಒಬ್ಬರೂ ಈ ಫಾರಂ ತುಂಬಿರಲಿಲ್ಲ. ಸುಮತೀಂದ್ರ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದನ್ನ ಹಾಕಿದ್ರೆ ಆ ಮನುಷ್ಯ..." ಎಂದ.

"ಹೌದು."

"ಆಮೇಲೆ ಅವನ ಹೆಂಡ್ತಿ ಬಂದು ನಮ್ಮನ್ನ ಕೇಳಿದ್ರೆ ಏನ್ ಹೇಳ್ತೀರಿ?"

"ಅವಳು ಕೇಳಲ್ಲ ಸರ್," ಎಂದಳು ಸರ್ವಮಂಗಳ. "ಆರನೇ ಹಾಸಿಗೆ."

ಸುಮತೀಂದ್ರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಕುರ್ಚಿ ಎಳೆದುಕೊಂಡು ಕೂತ. ಕೊನೆಗೆ ಸೀಲು ತೆಗೆದು ಫಾರಮಿನ ಮೂಲೆಗೆ ಒತ್ತಿದ.

ಗುರುವಾರ ಬೆಳಗ್ಗೆ ಎಂಟು ಗಂಟೆಗೆ ಏಳು ಯಂತ್ರಗಳೂ ಓಡುತ್ತಿದ್ದವು. ಎಂಟನೇ ಹಾಸಿಗೆ ಖಾಲಿಯಿತ್ತು. ಸರ್ವಮಂಗಳ ಫಾರಂ ಹಿಡಿದು ಮೊದಲ ಹಾಸಿಗೆಯಿಂದ ಹೊರಟಳು. ಒಂದು ಕೈಗೆ ಸೂಜಿ ಚುಚ್ಚಿ ಕಟ್ಟಿರುತ್ತಾರೆ, ಇನ್ನೊಂದರಲ್ಲಿ ಸಹಿ ಮಾಡಬೇಕು. ಹೀಗಾಗಿ ಕೆಲವರ ಸಹಿ ಮೊದಲನೇ ಕ್ಲಾಸಿನ ಮಕ್ಕಳ ಅಕ್ಷರದಂತೆ ಬಂತು. ಹರಿಣಿ ಓದಿ, ಎರಡು ಸಲ ಓದಿ, ಹಾಕಿದಳು. ಮುನ್ನೀಸಾಬಿ ಹೆಬ್ಬೆಟ್ಟು ಒತ್ತಿ, ಬೆರಳಿನ ಇಂಕನ್ನು ಹೊದಿಕೆಗೆ ಒರೆಸಿಕೊಂಡಳು. ಬೋರಯ್ಯ ಒಂದೇ ಒಂದು ತಮಾಷೆ ಮಾಡದೆ ಸಹಿ ಹಾಕಿ, ಪೆನ್ನು ವಾಪಸು ಕೊಡುವಾಗ ಅವಳ ಮುಖ ನೋಡಲಿಲ್ಲ.

ಆರನೇ ಹಾಸಿಗೆಯನ್ನು ಅವಳು ಕೊನೆಗೆ ಉಳಿಸಿಕೊಂಡಿದ್ದಳು.

ತಿಪ್ಪೇಸ್ವಾಮಿ ಫಾರಂ ತೆಗೆದುಕೊಂಡು ಕಣ್ಣಿಂದ ದೂರ ಹಿಡಿದು ಓದಿದ. ಕನ್ನಡಕ ತಂದಿರಲಿಲ್ಲ. ಪದ ಎಂಬ ಜಾಗದಲ್ಲಿ ಅವನ ಕಣ್ಣು ನಿಂತಿತು.

"ಬೂಬಮ್ಮ ಹೇಳಿದ್ಳಾ?" ಎಂದ.

"ಮಾತಿನ ಅರ್ಥ ಅವರು ಹೇಳಿದ್ರು. ನೀವು ಅಂತ ಮಿಷಿನ್ನು ಹೇಳ್ತು."

"ಎಲ್ಲಾ ಕೇಳಿದ್ಯಾ?"

"ಕೇಳ್ದೆ."

ಅವನು ಗೋಡೆಯ ಮೇಲಿನ ಬಿಳಿ ಪೆಟ್ಟಿಗೆಯ ಕಡೆ ನೋಡಿದ. ಆಮೇಲೆ ಫಾರಮಿನ ಕೊನೆಯ ಎರಡು ಸಾಲು ಓದಿದ. ತುಟಿ ಅಲ್ಲಾಡಿಸುತ್ತಾ ಓದಿದ, ಹಾಜರಿ ಪುಸ್ತಕ ಓದುವವನ ಹಾಗೆ.

"ಮನೆಯವರಿಗೆ ತಿಳಿಸುವುದಿಲ್ಲ ಅಂತ ಇದೆ ಇಲ್ಲಿ. ನೀನು ಸಹಿ ಹಾಕ್ತೀಯಾ ಇದಕ್ಕೆ?"

"ಹಾಕ್ತೀನಿ."

"ಇಂಪನಂಗೆ?"

"ನಾನು ಹೇಳಂಗಿಲ್ಲ. ನೀವೇ ಹೇಳ್ಬೇಕು."

ಅವನು ಎಡಗೈಯಲ್ಲಿ ಸಹಿ ಹಾಕಿದ. ಅವಳು ಅವನ ಎದುರಿಗೇ, ಹಾಸಿಗೆಯ ಅಂಚಿನ ಮೇಲೆ ಕಾಗದ ಇಟ್ಟುಕೊಂಡು, ಕೆಳಗೆ ತನ್ನ ಸಹಿ ಹಾಕಿ ದಿನಾಂಕ ಬರೆದಳು. ಫಾರಮನ್ನು ಮಡಿಸಿ ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಅಲ್ಲಿಗೆ ಅವಳ ಕೆಲಸ ಮುಗಿಯಿತು. ಹೋಗಬಹುದಾಗಿತ್ತು. ಹೋಗದೆ ಪ್ಲಾಸ್ಟಿಕ್ ಕುರ್ಚಿ ಎಳೆದು ಅವನ ಪಕ್ಕ ಕೂತಳು.

ಯಂತ್ರ ತಿರುಗುತ್ತಿತ್ತು. ಕೊಳವೆಯೊಳಗೆ ಅವನ ರಕ್ತ ಹೊರಗೆ ಬಂದು ಒಳಗೆ ಹೋಗುತ್ತಿತ್ತು. ಮುಟ್ಟಿದರೆ ಆ ಕೊಳವೆ ಬೆಚ್ಚಗಿರುತ್ತದೆ ಎಂದು ಅವಳಿಗೆ ಎಂಟು ವರ್ಷದಲ್ಲಿ ಗೊತ್ತಿರಲಿಲ್ಲ.

"ಮಂಗಳಾ."

"ಹೇಳಿ."

"ನನಗೆ ಕಿಟಕಿ ಬೇಕು."

ಕೋಣೆಯಲ್ಲಿ ಎಲ್ಲರೂ ಕೇಳಿಸಿಕೊಂಡರು. ಯಾರೂ ತಲೆ ಎತ್ತಲಿಲ್ಲ. ಯಾಕೆ ಎಂದು ಅವಳ ಬಾಯಿಯ ತನಕ ಬಂತು. ನಾನು ಏನು ಕಡಿಮೆ ಮಾಡಿದೆ, ಇನ್ನೊಬ್ಬ ಡಾಕ್ಟರನ್ನು ನೋಡೋಣ, ಆ ಹುಡುಗಿಗೆ ಇನ್ನೂ ಹದಿನಾಲ್ಕು, ಎಲ್ಲವೂ ಬಂತು. ಅವಳು ಹಲ್ಲು ಕಚ್ಚಿಕೊಂಡು ಅವೆಲ್ಲ ಇಳಿದುಹೋಗುವವರೆಗೆ ಕಾದಳು.

"ಎಷ್ಟು ಸಂತೆ?" ಎಂದು ಕೇಳಿದಳು.

ತಿಪ್ಪೇಸ್ವಾಮಿ ಅವಳನ್ನೇ ನೋಡಿದ.

"ಆರು. ಇವತ್ತೂ ಸೇರಿ."

"ಸರಿ."

ಅವಳು ಗ್ರೇಸಿಯನ್ನು ಕರೆದಳು. ಗ್ರೇಸಿ ಯಂತ್ರದ ಚಕ್ರದ ತಡೆ ಬಿಡಿಸಿದಳು, ಹಾಸಿಗೆಯದನ್ನೂ ಬಿಡಿಸಿದಳು. ಖಾಲಿ ಮಂಚವನ್ನು ಪಕ್ಕಕ್ಕೆ ಸರಿಸಿದ ಮೇಲೆ, ಕೊಳವೆ ಎಳೆಯದಂತೆ ಇಬ್ಬರೂ ಮೆಲ್ಲ ಮೆಲ್ಲನೆ ತಳ್ಳಿಕೊಂಡು ಎರಡು ಹಾಸಿಗೆಯಷ್ಟು ದೂರ ಹೋದರು. ದಾರಿಗೆ ಅಡ್ಡವಿದ್ದ ತನ್ನ ಚೀಲವನ್ನು ಬೋರಯ್ಯ ಕಾಲಿನಿಂದ ಒಳಗೆ ಸರಿಸಿಕೊಂಡ. ಅವಳು ಗಂಡನ ಚಪ್ಪಲಿ ತಂದು ಹೊಸ ಜಾಗದಲ್ಲಿ ಮಂಚದ ಕೆಳಗೆ ಜೋಡಿಸಿದಳು. ಹೊದಿಕೆ ಸರಿಮಾಡಿದಳು.

ಕಿಟಕಿಯಿಂದ ಬಿಸಿಲು ನೇರವಾಗಿ ಅವನ ಮುಖಕ್ಕೆ ಬೀಳುತ್ತಿತ್ತು. ಅವಳು ಪರದೆ ಎಳೆಯಲು ಕೈ ಎತ್ತಿದಳು.

"ಬೇಡ ಬಿಡು," ಎಂದ ತಿಪ್ಪೇಸ್ವಾಮಿ. "ಅಲ್ನೋಡು, ಆ ಟೀ ಗಾಡಿಯೋನು ಹಾಲು ಹೆಂಗೆ ಎತ್ತಿ ಸುರೀತಾನೆ."

ಅವಳು ಬಗ್ಗಿ, ಅವನ ಭುಜದ ಮೇಲಿನಿಂದ ನೋಡಿದಳು.